ಕೆಂಡೋ ಕಾತಾ: ಇಬ್ಬರು ಸೇರಿ ಮಾಡುವ ಜಪಾನಿ ಕತ್ತಿವರಸೆಗೆ ಸಮಗ್ರ ಮಾರ್ಗದರ್ಶಿ

ಕೆಂಡೋ ಎಂದರೆ ಜಪಾನಿ ಕತ್ತಿವರಸೆ. ಯಾರು ಹೊಡೆಯಬೇಕು, ಯಾರು ಗೆಲ್ಲಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಇಬ್ಬರು ಮಾಡುವ ವರಸೆಗಳೇ ಕಾತಾ. ಕೆಂಡೋ ಕಾತಾ ಕಲಿಯಲು ಶುರು ಮಾಡಿದವರು ಮೊದಲು ಗೆಲ್ಲುವ ಪಾತ್ರವನ್ನೇ ಬಾಯಿಪಾಠ ಮಾಡುತ್ತಾರೆ. ಯಾವ ಕಾಲು ಹಿಂದೆ, ಯಾವುದು ಮುಂದೆ, ಹೊಡೆತ ಎಲ್ಲಿಗೆ ಅಂತ. ಸೋಲುವ ಪಾತ್ರದವರು ಸುಮ್ನೆ ಒಮ್ಮೆ ಕತ್ತಿ ಬೀಸಿ ನಿಂತರೆ ಸಾಕು ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ವರಸೆ ಚೆನ್ನಾಗಿ ಬರುವುದೂ ಕೆಡುವುದೂ ಮೊದಲು ಕತ್ತಿ ಬೀಸುವವರ ಕೈಯಲ್ಲಿದೆ. ಅವರ ಹೊಡೆತ ನಿಜವಾಗಿದ್ದರೆ ಎದುರಿನವರಿಗೆ ಕಲಿಯಲು ಏನಾದರೂ ಸಿಗುತ್ತದೆ. ಹೊಡೆತವೇ ಸುಳ್ಳಾದರೆ ಇಬ್ಬರೂ ಬರೀ ಕುಣಿದ ಹಾಗೆ.

ಈ ಬರಹದಲ್ಲಿ ಮೊದಲ ವರಸೆಯನ್ನು ಬಿಡಿಸಿ ಬಿಡಿಸಿ ಹೇಳಿದ್ದೇನೆ. ಎರಡು ಮತ್ತು ಮೂರನೆಯದನ್ನು ಸ್ವಲ್ಪ ಕಡಿಮೆ. ಉಳಿದವುಗಳ ಪರಿಚಯ ಮಾತ್ರ. ಮೊದಲನೆಯದು ಕೈಗೆ ಬಂದರೆ ಉಳಿದವುಗಳ ಅರ್ಧ ಕೆಲಸ ಮುಗಿದ ಹಾಗೇ.

ಇದು ಎಲ್ಲಿಂದ ಬಂತು

ಈಗ ನಾವು ಮಾಡುವ ಹತ್ತು ವರಸೆಗಳು ಒಬ್ಬ ಗುರುವಿನ ಸೃಷ್ಟಿಯಲ್ಲ. ಕ್ಯೋಟೋದಲ್ಲಿ 1895ರಲ್ಲಿ ಹುಟ್ಟಿದ ದಾಯ್ ನಿಪ್ಪೊನ್ ಬುತೊಕುಕಾಯ್ ಎಂಬ ಸಂಸ್ಥೆ ಜಪಾನಿನ ಬೇರೆ ಬೇರೆ ಕತ್ತಿವರಸೆ ಪರಂಪರೆಗಳನ್ನು ಒಂದೆಡೆ ತರಲು ಹೊರಟಿತ್ತು. 1911ರಲ್ಲಿ ಕತ್ತಿವರಸೆ ಅಲ್ಲಿನ ಮಾಧ್ಯಮಿಕ ಶಾಲೆಗಳ ಪಾಠಕ್ಕೂ ಬಂತು. ಆಗ ಒಂದು ತೊಡಕು. ಒಂದೂರಿನ ಮೇಷ್ಟ್ರು ಕಲಿಸುವುದು ಒಂದು, ಪಕ್ಕದೂರಿನವರು ಕಲಿಸುವುದು ಇನ್ನೊಂದು. ಎಲ್ಲರಿಗೂ ಒಪ್ಪುವ ಪಾಠ ಬೇಕಾಯಿತು. ಇಪ್ಪತ್ತೈದು ಜನರ ಸಮಿತಿ ಕೂತಿತು. ನೆಗಿಶಿ ಶಿಂಗೊರೊ, ನಾಯ್ತೊ ತಕಾಹಾರು, ತಕಾನೊ ಸಸಬುರೊ ಸೇರಿ ಐವರು ಕರಡು ಬರೆದರು. 1912ರಲ್ಲಿ ವರಸೆಗಳು ಹೊರಬಂದವು. ಆಮೇಲೆ ವಿವರಣೆಗಳು ಸೇರಿದವು. ಇವತ್ತು ಜಗತ್ತಿನ ಕೆಂಡೋ ಶಾಲೆಗಳು ಅನುಸರಿಸುವುದು ಅಖಿಲ ಜಪಾನ್ ಕೆಂಡೋ ಒಕ್ಕೂಟ 1981ರಲ್ಲಿ ಸ್ಪಷ್ಟಪಡಿಸಿದ ರೂಪವನ್ನು.

ಹತ್ತರಲ್ಲಿ ಏಳು ವರಸೆಗಳಲ್ಲಿ ಇಬ್ಬರ ಕೈಯಲ್ಲೂ ಉದ್ದ ಕತ್ತಿ. ಕೊನೆಯ ಮೂರರಲ್ಲಿ ಒಬ್ಬರಿಗೆ ಉದ್ದ, ಇನ್ನೊಬ್ಬರಿಗೆ ಗಿಡ್ಡ ಕತ್ತಿ.

ಪಾತ್ರ ಎರಡು. ಮೊದಲು ಹೊಡೆಯುವವರು ಉಚಿದಾಚಿ. ಅದಕ್ಕೆ ಉತ್ತರ ಕೊಟ್ಟು ಗೆಲ್ಲುವವರು ಶಿದಾಚಿ. ಪದ್ಧತಿ ಪ್ರಕಾರ ಹಿರಿಯರು, ಅಂದರೆ ಜಾಸ್ತಿ ಕಲಿತವರು, ಉಚಿದಾಚಿ ಆಗುತ್ತಾರೆ. ಹತ್ತಕ್ಕೆ ಹತ್ತರಲ್ಲೂ ಹಿರಿಯರೇ ಸೋಲುವುದು! ದೂರ, ವೇಗ, ಸಮಯ ಎಲ್ಲವನ್ನೂ ಹೊಂದಿಸಿಕೊಟ್ಟು ಕಿರಿಯರಿಂದ ಸರಿಯಾದ ಉತ್ತರ ಹೊರಡಿಸುವ ಕೆಲಸ ಅವರದು.

ಬೇಕಾದ ಸಾಮಾನು, ಜಾಗ

ಮರದ ಕತ್ತಿಗೆ ಬೊಕ್ಕೆನ್ ಅಥವಾ ಬೊಕುತೊ ಅನ್ನುತ್ತಾರೆ. ಉದ್ದದ್ದು ಸುಮಾರು 101.5 ಸೆಂಟಿಮೀಟರ್, ಅದರಲ್ಲಿ ಹಿಡಿ 24. ಗಿಡ್ಡದ್ದು ಸುಮಾರು 55, ಹಿಡಿ 14. ಒಳ್ಳೆಯವು ಓಕ್ ಮರದವು, ಕೆಂಪು ಅಥವಾ ಬಿಳಿ. ಜಪಾನಿನಲ್ಲಿ ತಯಾರಾಗುವ ಹೆಚ್ಚಿನ ಬೊಕ್ಕೆನ್ ಮಿಯಝಾಕಿ ಪ್ರಾಂತದ ಮಿಯಾಕೊನೊಜೊ ಊರಿನವು. ಆನ್‌ಲೈನ್‌ನಲ್ಲಿ ಸಿಗುವ ಹಗುರ ಮರದ ಅಲಂಕಾರದ ಕತ್ತಿಗಳನ್ನು ಜೋಡಿ ಅಭ್ಯಾಸಕ್ಕೆ ತರಬೇಡಿ. ಒಂದಕ್ಕೊಂದು ತಾಗಿದಾಗ ಮುರಿದು ಹಾರುತ್ತವೆ. ನಿಜವಾದ ಲೋಹದ ಕತ್ತಿಯ ಮಾತಂತೂ ಬೇಡವೇ ಬೇಡ.

ಪ್ರತಿ ಸಲ ಶುರು ಮಾಡುವ ಮುಂಚೆ ಕತ್ತಿಯ ಉದ್ದಕ್ಕೂ ಬೆರಳಾಡಿಸಿ ನೋಡಿ. ಸಿಬಿರು ಎದ್ದಿದೆಯಾ, ಕೂದಲೆಳೆಯಂಥ ಬಿರುಕು ಇದೆಯಾ? ಸಿಬಿರಾದರೆ ಮರಳು ಕಾಗದದಲ್ಲಿ ಉಜ್ಜಿ ಸ್ವಲ್ಪ ಅಗಸೆ ಎಣ್ಣೆ ಸವರಿ. ಬಿರುಕಾದರೆ ಆ ಕತ್ತಿಯನ್ನು ಜೋಡಿ ಅಭ್ಯಾಸಕ್ಕೆ ಮತ್ತೆ ಬಳಸಬೇಡಿ. ಹಿಡಿಯ ಮುಂದಿರುವ ಬಿಲ್ಲೆ, ಅಂದರೆ ತ್ಸುಬಾ, ಸಡಿಲವಾಗಿರಬಾರದು. ಅದರ ಹಿಂದಿನ ರಬ್ಬರ್ ಉಂಗುರವನ್ನೂ ನೋಡಿಕೊಳ್ಳಿ.

ಜಾಗ ಉದ್ದಕ್ಕೆ ಹತ್ತು ಮೀಟರ್ ಇದ್ದರೆ ಆರಾಮ. ಮನೆಯ ಹಾಲ್ ಬೇಡ. ತಲೆ ಮೇಲೆ ಕತ್ತಿ ಎತ್ತಿದ ತಕ್ಷಣ ನೆನಪಾಗುವುದು ಫ್ಯಾನ್! ಟೆರೇಸ್ ಆಗಬಹುದು, ಆದರೆ ಬರಿಗಾಲಲ್ಲಿ ಮಾಡುವ ಅಭ್ಯಾಸವಿದು, ಏಪ್ರಿಲ್ ಮಧ್ಯಾಹ್ನ ಬೇಡ. ನುಣುಪಾದ ಟೈಲ್ಸ್ ಮೇಲೆ ಬೆವರು ಬಿದ್ದರೆ ಕಾಲು ಜಾರುತ್ತದೆ. ಪಕ್ಕದಲ್ಲಿ ಒಂದು ಬಟ್ಟೆ ಇಟ್ಟುಕೊಳ್ಳಿ. ಒಕ್ಕೂಟದ ಮಾನ್ಯತೆ ಇರುವ ಶಾಲೆಯಲ್ಲಿ ಕಲಿಯುತ್ತಾ, ಅದರ ಜೊತೆಗೆ ಇದನ್ನು ಓದಿಕೊಳ್ಳಿ. ಓದಿಯೇ ಕಲಿತುಬಿಡುವ ವಿದ್ಯೆ ಇದಲ್ಲ.

ಒಬ್ಬರೇ ಮಾಡಿಕೊಳ್ಳಬೇಕಾದ ತಯಾರಿ

ಜೊತೆಗಾರರ ಮುಂದೆ ನಿಲ್ಲುವ ಮೊದಲು ಮೂರು ವಿಷಯ ನಿಮ್ಮ ಮೈಗೆ ಬಂದಿರಬೇಕು.

ಒಂದು, ನಡಿಗೆ. ಪಾದವನ್ನು ನೆಲದಿಂದ ಎತ್ತದೆ ಜಾರಿಸುತ್ತಾ ನಡೆಯಬೇಕು. ಹಿಂದಿನ ಹಿಮ್ಮಡಿ ಸ್ವಲ್ಪ ಮೇಲಿರಲಿ. ಮೂರು ದೊಡ್ಡ ಹೆಜ್ಜೆ ಮುಂದೆ, ಐದು ಸಣ್ಣ ಹೆಜ್ಜೆ ಹಿಂದೆ. ಪ್ರತಿ ವರಸೆಗೂ ಹೀಗೆ ಹೋಗಿ ಬರುವುದು ಇದ್ದೇ ಇರುತ್ತದೆ. ಹಾಗಾಗಿ ಬರೀ ಇದನ್ನೇ ಮಾಡಿದರೂ ಸಮಯ ದಂಡವಲ್ಲ. ತಲೆ ಮೇಲೆ ಕೆಳಗೆ ಕುಣಿಯಬಾರದು.

ಎರಡು, ನಿಲುವುಗಳು. ಚೂದಾನ್ ಮಧ್ಯದ ನಿಲುವು: ಬಲಗಾಲು ಮುಂದೆ, ಎಡ ಮುಷ್ಟಿ ಹೊಕ್ಕುಳಿನಿಂದ ಒಂದು ಮುಷ್ಟಿಯಷ್ಟು ದೂರ, ಕತ್ತಿಯ ತುದಿ ಗಂಟಲಿನ ಎತ್ತರಕ್ಕೆ. ಆ ಕತ್ತಿಯ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ ಎದುರಿನವರ ಕಣ್ಣಿಗೆ ಹೋಗಬೇಕು. ಜೋದಾನ್ ಮೇಲಿನ ನಿಲುವು: ಎಡ ಮುಷ್ಟಿ ಹಣೆಯಿಂದ ಒಂದು ಮುಷ್ಟಿ ಮೇಲೆ, ಕತ್ತಿ ಹಿಂದಕ್ಕೆ ಓರೆ. ಎಡಗಾಲು ಮುಂದಿದ್ದರೆ ಎಡ ಜೋದಾನ್, ಬಲಗಾಲಾದರೆ ಬಲ ಜೋದಾನ್. ಗೆದಾನ್ ಕೆಳಗಿನ ನಿಲುವು: ತುದಿ ಎದುರಿನವರ ಮಂಡಿಗಿಂತ ಸ್ವಲ್ಪ ಕೆಳಗೆ.

ಮೂರು, ನೇರ ಹೊಡೆತ. ಕನ್ನಡಿ ಮುಂದೆ ನಿಂತು ಬೀಸಿ ನೋಡಿ. ಕತ್ತಿ ಮೂಗಿನ ಗೆರೆ ಬಿಟ್ಟು ಆಚೀಚೆ ಹೋಗುತ್ತಿದ್ದರೆ ಬಲಗೈ ಜಾಸ್ತಿ ಬಲ ಹಾಕುತ್ತಿದೆ ಎಂದರ್ಥ. ಎಡಗೈ ಎಳೆಯಬೇಕು, ಬಲಗೈ ದಾರಿ ತೋರಿಸಬೇಕು, ಅಷ್ಟೇ.

ಶುರುವಿನ ವಂದನೆ

ಬೊಕ್ಕೆನ್ ಬಲಗೈಯಲ್ಲಿರಬೇಕು. ಬಲಗೈಯಲ್ಲಿ ಹಿಡಿದ ಕತ್ತಿಯನ್ನು ತಟ್ಟನೆ ಹಿರಿಯಲಾಗದು. ಅಂದರೆ ಜಗಳಕ್ಕೆ ಬಂದಿಲ್ಲ ಅಂತ. ಮೂರು ಹೆಜ್ಜೆ ದೂರದಲ್ಲಿ ಎದುರುಬದುರಾಗಿ ಮಂಡಿಯೂರಿ ಕೂತು, ಕತ್ತಿಯನ್ನು ಬಲಕ್ಕೆ ಇಟ್ಟು ವಂದಿಸಿ. ಎದ್ದು ಒಂಬತ್ತು ಹೆಜ್ಜೆ ಅಂತರಕ್ಕೆ ಹೋಗಿ ನಿಲ್ಲಿ. ಸಭೆಯ ಮುಖ್ಯ ದಿಕ್ಕಿಗೆ 30 ಡಿಗ್ರಿ ಬಾಗಬೇಕು. ಆಮೇಲೆ ಪರಸ್ಪರ 15 ಡಿಗ್ರಿ. ಈ ಎರಡನೆಯದರಲ್ಲಿ ಕಣ್ಣು ಎದುರಿನವರ ಮೇಲೇ ಇರಲಿ, ನೆಲ ನೋಡಬೇಡಿ.

ಈಗ ಕತ್ತಿ ಎಡಗೈಗೆ, ಎಡ ಸೊಂಟದ ಬಳಿ. ಹೆಬ್ಬೆರಳು ತ್ಸುಬಾ ಮೇಲೆ. ಬಲಗಾಲಿನಿಂದ ಮೂರು ದೊಡ್ಡ ಹೆಜ್ಜೆ ಮುಂದೆ ಬಂದು, ಕುಕ್ಕರಗಾಲಲ್ಲಿ ಕೂರುತ್ತಲೇ ಕತ್ತಿ ಹಿರಿಯಿರಿ. ಎದ್ದಾಗ ಇಬ್ಬರ ಕತ್ತಿಗಳ ತುದಿಭಾಗ ಸ್ವಲ್ಪವೇ ಒಂದರ ಮೇಲೊಂದು ಬಂದಿರಬೇಕು. ಈ ದೂರ ಬಹಳ ಮುಖ್ಯ. ಇಲ್ಲಿಂದ ಒಂದೇ ಹೆಜ್ಜೆ ಹಾಕಿದರೆ ಹೊಡೆತ ಮುಟ್ಟುತ್ತದೆ, ಒಂದು ಹೆಜ್ಜೆ ಹಿಂದೆ ಸರಿದರೆ ಮುಟ್ಟುವುದಿಲ್ಲ.

ಆಮೇಲೆ ಇಬ್ಬರೂ ಕತ್ತಿ ತಗ್ಗಿಸುತ್ತಾರೆ. ತುದಿ ಎದುರಿನವರ ಮೈಯಿಂದ ತುಸು ಹೊರಗೆ, ಮಂಡಿಗಿಂತ ಮೂರರಿಂದ ಆರು ಸೆಂಟಿಮೀಟರ್ ಕೆಳಗೆ. ಹಾಗೇ ಎಡಗಾಲಿನಿಂದ ಐದು ಸಣ್ಣ ಹೆಜ್ಜೆ ಹಿಂದೆ ಹೋಗಿ ಮತ್ತೆ ಚೂದಾನ್.

ಮೊದಲ ವರಸೆ, ಹೆಜ್ಜೆ ಹೆಜ್ಜೆಯಾಗಿ

1. ಉಚಿದಾಚಿ ಎಡಗಾಲು ಮುಂದಿಟ್ಟು ಎಡ ಜೋದಾನ್‌ಗೆ ಏರುತ್ತಾರೆ. ಅದನ್ನು ನೋಡಿ ಶಿದಾಚಿ ಇದ್ದಲ್ಲೇ ಬಲ ಜೋದಾನ್‌ಗೆ ಏರುತ್ತಾರೆ. ಯಾವಾಗಲೂ ಉಚಿದಾಚಿ ಮೊದಲು, ಶಿದಾಚಿ ಅವರ ಹಿಂದೆಯೇ.

2. ಉಚಿದಾಚಿ ಎಡಗಾಲಿನಿಂದ, ಶಿದಾಚಿ ಬಲಗಾಲಿನಿಂದ ಮೂರು ಹೆಜ್ಜೆ ಮುಂದೆ. ಇಬ್ಬರ ಕತ್ತಿಯೂ ಮೇಲಿರುವುದರಿಂದ ತುದಿ ನೋಡಿ ದೂರ ಅಳೆಯಲಾಗದು. ಕಣ್ಣಳತೆಯೇ ಗತಿ.

3. ಉಚಿದಾಚಿ ಸಮಯ ನೋಡಿ, ಬಲಗಾಲು ಮುಂದಿಟ್ಟು, "ಯಾ!" ಎಂದು ಶಿದಾಚಿಯ ನಡುನೆತ್ತಿಗೆ ಹೊಡೆಯುತ್ತಾರೆ. ಹಿಡಿದ ಮುಷ್ಟಿ, ಕತ್ತಿಯ ಹಿಡಿ, ತಲೆ ಎಲ್ಲವನ್ನೂ ಸೀಳಿಕೊಂಡು ಹೋಗುವ ಹೊಡೆತ ಇದು. ತಲೆಯ ಮೇಲೆ ನಿಲ್ಲಿಸುವ ಹೊಡೆತವಲ್ಲ. ತಪ್ಪಿಹೋದ ಮೇಲೆ ಕತ್ತಿ ಗೆದಾನ್ ಮಟ್ಟಕ್ಕೆ ಇಳಿಯುತ್ತದೆ, ಮೈ ತುಸು ಮುಂದಕ್ಕೆ ಬಾಗುತ್ತದೆ.

4. ಶಿದಾಚಿ ಎಡಗಾಲಿನಿಂದ ಮೈಯನ್ನು ಹಿಂದಕ್ಕೆ ಸರಿಸುತ್ತಾರೆ, ಕೈಗಳನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕೈ ಎಳೆಯುವುದನ್ನು ಮರೆತರೆ ಮೈ ತಪ್ಪಿಸಿಕೊಂಡರೂ ಮುಷ್ಟಿಗೆ ಏಟು ಬೀಳುತ್ತದೆ. ಉಚಿದಾಚಿಯ ಕತ್ತಿ ಗಾಳಿ ಕಡಿದು ಇಳಿದ ಕೂಡಲೇ ಬಲಗಾಲು ಮುಂದಿಟ್ಟು "ತೊ!" ಎಂದು ನಡುನೆತ್ತಿಗೆ ಉತ್ತರ ಕೊಡುತ್ತಾರೆ. ಈ ಹೊಡೆತ ಮಾತ್ರ ತಲೆಗೆ ತಾಗದೆ ನಿಲ್ಲಬೇಕು.

5. ಉಚಿದಾಚಿ ಕತ್ತಿ ಕೆಳಗೇ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಶಿದಾಚಿ ತನ್ನ ತುದಿಯನ್ನು ಅವರ ಎರಡು ಕಣ್ಣಿನ ನಡುವೆ ಇಳಿಸಿ ಒತ್ತಡ ಹಾಕುತ್ತಾರೆ. ಉಚಿದಾಚಿ ಇನ್ನೊಂದು ಹೆಜ್ಜೆ ಹಿಂದೆ. ಆಗ ಶಿದಾಚಿ ಎಡಗಾಲು ಮುಂದಿಟ್ಟು ಎಡ ಜೋದಾನ್‌ಗೆ ಏರಿ ನಿಲ್ಲುತ್ತಾರೆ. ಇದಕ್ಕೆ ಝನ್ಶಿನ್ ಅನ್ನುತ್ತಾರೆ. ಗೆದ್ದ ಮೇಲೂ ಎಚ್ಚರ ಬಿಡದಿರುವುದು.

6. ಉಚಿದಾಚಿ ತುದಿ ಎತ್ತಿ ಚೂದಾನ್‌ಗೆ ಬರುತ್ತಾರೆ. ಜೊತೆಗೇ ಶಿದಾಚಿ ಎಡಗಾಲು ಹಿಂದಿಟ್ಟು ಚೂದಾನ್‌ಗೆ. ಕತ್ತಿ ತಗ್ಗಿಸಿ, ವಾಪಸ್ಸು ಮೂಲ ಜಾಗಕ್ಕೆ.

ಕಾಗದದ ಮೇಲೆ ಇಷ್ಟೇ. ಜಾಸ್ತಿ ಕೆಡುವುದು ಮೂರು ಮತ್ತು ನಾಲ್ಕನೆಯ ಹಂತದಲ್ಲಿ. ಅಲ್ಲಿ ಸ್ವಲ್ಪ ನಿಧಾನ ಮಾಡೋಣ.

ಉಚಿದಾಚಿ ಜೊತೆಗಾರರಿಗೆ ಏಟು ಬೀಳಬಾರದು ಎಂದು ದೂರದಿಂದಲೇ ಬೀಸಿಬಿಡುತ್ತಾರೆ. ಅಥವಾ ಶಿದಾಚಿ ಈಗಾಗಲೇ ಹಿಂದೆ ಸರಿಯುತ್ತಾರೆಂದು ಅಲ್ಲಿಗೇ ಗುರಿ ಇಡುತ್ತಾರೆ. ಎರಡೂ ತಪ್ಪು. ಇದನ್ನು ಹಿಡಿಯಲು ಸುಲಭದ ಪರೀಕ್ಷೆ ಇದೆ. ಶಿದಾಚಿ ಅಲುಗದೆ ನಿಲ್ಲಲಿ, ಕೈಗಳನ್ನು ಕೆಳಗಿಳಿಸಿಕೊಳ್ಳಲಿ. ಉಚಿದಾಚಿ ಆಮೆಗತಿಯಲ್ಲಿ ಬಲಗಾಲು ಜಾರಿಸುತ್ತಾ ಕತ್ತಿ ಇಳಿಸಿ, ತಲೆಗಿಂತ ನಾಲ್ಕು ಬೆರಳು ಮೇಲೆ ನಿಲ್ಲಿಸಲಿ. ಈಗ ನೋಡಿ: ಕತ್ತಿಯ ತುದಿಯಿಂದ ಒಂದು ಗೇಣಿನ ಒಳಗಿನ ಭಾಗ ನೆತ್ತಿಯ ಮೇಲೆ ಬಂದಿದೆಯಾ? ಬಂದಿದ್ದರೆ ದೂರ ಸರಿ. ತುದಿ ಹಣೆಯ ಮುಂದೆ ಗಾಳಿಯಲ್ಲಿ ನಿಂತಿದ್ದರೆ ಆ ಹೊಡೆತ ಯಾರನ್ನೂ ಮುಟ್ಟುತ್ತಿರಲಿಲ್ಲ. ಹಿಡಿಯ ಹತ್ತಿರದ ಭಾಗ ಬಂದಿದ್ದರೆ ಮೂರು ಹೆಜ್ಜೆ ತೀರಾ ಉದ್ದವಾಯಿತು. ಮತ್ತೆ ಒಂಬತ್ತು ಹೆಜ್ಜೆ ದೂರಕ್ಕೆ ಹೋಗಿ, ನಡೆದು ಬಂದು, ಮತ್ತೆ ಅಳೆಯಿರಿ. ಇಬ್ಬರ ಎತ್ತರದಲ್ಲಿ ವ್ಯತ್ಯಾಸ ಇದ್ದರೆ ಇದು ಇನ್ನೂ ಮುಖ್ಯ.

ಶಿದಾಚಿಯ ತಪ್ಪು ಒಂದೇ: ಅವಸರ. ಮುಂದೇನಾಗುತ್ತದೆ ಎಂದು ಗೊತ್ತಿರುವುದರಿಂದ ಹೊಡೆತ ಬರುವ ಮುಂಚೆಯೇ ಮೈ ಹಿಂದೆ ಓಡುತ್ತದೆ. ಇದಕ್ಕೂ ಪರೀಕ್ಷೆ ಇದೆ. ಉಚಿದಾಚಿ ಮೂರು ಹೆಜ್ಜೆ ಬಂದು, ಕೆಲವು ಸಲ ಹೊಡೆಯದೆ ಸುಮ್ಮನೆ ನಿಂತುಬಿಡಲಿ. ಶಿದಾಚಿ ಹಿಂದೆ ಸರಿದರೆ ಸಿಕ್ಕಿಬಿದ್ದ ಹಾಗೆ! ಹೊಡೆಯದಿದ್ದರೆ ಶಿದಾಚಿಯೂ ನಿಂತೇ ಇರಬೇಕು. ಕಾಯುವುದು ಹೇಗೆ ಅಂತ ಕೇಳುತ್ತೀರಾ? ಕಣ್ಣು ಕತ್ತಿಯ ಮೇಲೆ ಬೇಡ, ಎದುರಿನವರ ಕಣ್ಣಿನ ಮೇಲಿರಲಿ. ಹಾಗೆ ನೋಡುವಾಗ ಅವರ ಭುಜ, ಮುಷ್ಟಿ, ಮುಂಗಾಲು ಎಲ್ಲವೂ ತಾನಾಗಿ ನೋಟದೊಳಗೆ ಬರುತ್ತವೆ.

ಹಿಂದೆ ಸರಿಯುವುದೂ ಸ್ವಲ್ಪವೇ ಇರಬೇಕು. ತುಂಬ ಹಿಂದೆ ಹೋದರೆ ವಾಪಸ್ಸು ಬರಲು ಒಂದು ಹೆಜ್ಜೆ ಸಾಲದು, ಅಷ್ಟರಲ್ಲಿ ಉಚಿದಾಚಿ ಸಾವರಿಸಿಕೊಂಡಿರುತ್ತಾರೆ. ಕತ್ತಿಯ ತುದಿ ಬಟ್ಟೆಯ ಮುಂದೆ ಹಾದುಹೋಗುವಷ್ಟು ಸರಿದರೆ ಸಾಕು. ಇದು ಒಂದೇ ದಿನಕ್ಕೆ ಬರುವುದಲ್ಲ. ಮೊದಲು ನಿಧಾನದ ಹೊಡೆತಕ್ಕೆ, ದೂರ ಖಚಿತವಾದ ಮೇಲೆ ಅರ್ಧ ವೇಗಕ್ಕೆ. ಪೂರ್ತಿ ವೇಗಕ್ಕೆ ಯಾವಾಗ ಹೋಗಬೇಕು ಎಂದು ಗುರುಗಳು ಹೇಳಲಿ. ತಲೆಗೆ ಯಾವ ರಕ್ಷಣೆಯೂ ಇಲ್ಲದ ಅಭ್ಯಾಸ ಇದು, ಮರೆಯಬೇಡಿ.

ಎರಡನೆಯ ವರಸೆ

ಇಬ್ಬರೂ ಚೂದಾನ್‌ನಲ್ಲಿ ಮೂರು ಹೆಜ್ಜೆ ಬರುತ್ತಾರೆ. ಉಚಿದಾಚಿ ಬಲಗಾಲು ಮುಂದಿಟ್ಟು ಶಿದಾಚಿಯ ಬಲ ಮಣಿಕಟ್ಟಿಗೆ ಹೊಡೆಯುತ್ತಾರೆ. ಕತ್ತಿ ಮಣಿಕಟ್ಟಿನ ಮಟ್ಟಕ್ಕಿಂತ ತುಸು ಕೆಳಗಿನವರೆಗೂ ಇಳಿಯಬೇಕು.

ಶಿದಾಚಿ ಎಡಗಾಲಿನಿಂದ ಎಡ ಹಿಂಭಾಗಕ್ಕೆ ಓರೆಯಾಗಿ ಸರಿಯುತ್ತಾ, ತನ್ನ ಕತ್ತಿಯ ತುದಿಯನ್ನು ಉಚಿದಾಚಿಯ ಕತ್ತಿಯ ಅಡಿಯಿಂದ ಅರ್ಧ ವೃತ್ತದ ಹಾಗೆ ಇಳಿಸಿ ತಪ್ಪಿಸಿಕೊಳ್ಳುತ್ತಾರೆ. ಅಲ್ಲಿಂದಲೇ ಕತ್ತಿಯನ್ನು ದೊಡ್ಡದಾಗಿ ಎತ್ತಿ, ಬಲಗಾಲು ಮುಂದಿಟ್ಟು, ಬಲ ಮಣಿಕಟ್ಟಿಗೆ ಉತ್ತರ. ಬಹಳ ಜನ ಇಲ್ಲಿ ನೇರ ಹಿಂದೆ ಹೋಗುತ್ತಾರೆ. ಹಾಗೆ ಮಾಡಿದರೆ ಎದುರಿನವರ ಮಣಿಕಟ್ಟು ಹೊಡೆಯಲು ಸರಿಯಾದ ಕೋನ ಸಿಗುವುದಿಲ್ಲ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಓರೆ ಗೆರೆ ಎಳೆದು ಕಾಲಿಗೆ ದಾರಿ ತೋರಿಸಿ, ಬೇಗ ಸರಿಹೋಗುತ್ತದೆ.

ಹೊಡೆದ ಮೇಲೆ ಇಲ್ಲಿ ಜೋದಾನ್‌ಗೆ ಏರುವುದಿಲ್ಲ. ಉಚಿದಾಚಿ ಎಡಗಾಲಿನಿಂದ, ಶಿದಾಚಿ ಬಲಗಾಲಿನಿಂದ ಚೂದಾನ್‌ಗೆ ಮರಳುತ್ತಾ ಮಧ್ಯದ ಜಾಗಕ್ಕೆ ಬರುತ್ತಾರೆ. ಹೊರಗಿನವರಿಗೆ ಏನೂ ಕಾಣದಿದ್ದರೂ ಎಚ್ಚರ ಹಾಗೇ ಇರಬೇಕು. ಮಣಿಕಟ್ಟು ಚಿಕ್ಕ ಗುರಿ, ಮೂಳೆ ತೆಳು. ಶಿದಾಚಿ ಕತ್ತಿ ನಿಲ್ಲಿಸುವುದನ್ನು ಮೊದಲು ಒಂದು ಕುರ್ಚಿಯ ಬೆನ್ನಿನ ಮೇಲೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಮೂರನೆಯ ವರಸೆ

ಇಬ್ಬರೂ ಗೆದಾನ್‌ನಲ್ಲಿ ಬರುತ್ತಾರೆ. ಹತ್ತಿರವಾದ ಮೇಲೆ ಎರಡೂ ಕತ್ತಿ ನಿಧಾನವಾಗಿ, ಒಂದೇ ಹದದಲ್ಲಿ ಚೂದಾನ್‌ಗೆ ಏಳುತ್ತವೆ. ಯಾರೂ ಮೇಲುಗೈ ಬಿಟ್ಟುಕೊಡದ ಗಳಿಗೆ ಅದು. ಇದನ್ನು ಓಡಿಸಿಬಿಟ್ಟರೆ ವರಸೆಯ ರುಚಿಯೇ ಹೋಗುತ್ತದೆ.

ಉಚಿದಾಚಿ ಅಲಗನ್ನು ತುಸು ತನ್ನ ಬಲಕ್ಕೆ ತಿರುಗಿಸಿ, ಬಲಗಾಲು ಮುಂದಿಟ್ಟು, ಎದೆಗುಂಡಿಗೆಯ ಕೆಳಗೆ ತಿವಿಯುತ್ತಾರೆ. ಶಿದಾಚಿ ಎಡಗಾಲಿನಿಂದ ಹಿಂದೆ ಸರಿಯುತ್ತಾ, ಬರುವ ಕತ್ತಿಯನ್ನು ತನ್ನ ಕತ್ತಿಯ ಬದಿಯಿಂದ ಸವರಿ ಅದರ ಬಲ ತೆಗೆದುಬಿಡುತ್ತಾರೆ. ಪಟ್ಟನೆ ಬಡಿದು ತಳ್ಳುವುದಲ್ಲ. ಸದ್ದು ಬಂದರೆ ಬಡಿದಿದ್ದೀರಿ ಎಂದರ್ಥ. ಕೂಡಲೇ ಬಲಗಾಲು ಮುಂದಿಟ್ಟು ಎದೆಗೆ ತಿರುಗಿ ತಿವಿತ.

ಉಚಿದಾಚಿ ಬಲಗಾಲು ಹಿಂದಿಟ್ಟು ಆ ಕತ್ತಿಯನ್ನು ಒತ್ತಿ ತಡೆಯುತ್ತಾರೆ. ಶಿದಾಚಿ ಬಿಡದೆ ಎಡಗಾಲು ಮುಂದಿಟ್ಟು ಮತ್ತೆ ಒತ್ತುತ್ತಾರೆ. ಈ ಸಲ ತಿವಿಯುವುದಿಲ್ಲ, ತಿವಿಯುವ ಮನಸ್ಸಷ್ಟೇ. ಉಚಿದಾಚಿ ಹಿಂದೆ ಹಿಂದೆ ಹೋಗುತ್ತಾರೆ, ಶಿದಾಚಿ ಅವರನ್ನು ಹಿಂಬಾಲಿಸುತ್ತಾ ತುದಿಯನ್ನು ನಿಧಾನವಾಗಿ ಮುಖದ ಮಟ್ಟಕ್ಕೆ ಏರಿಸುತ್ತಾರೆ. ಇಲ್ಲಿ ಉಚಿದಾಚಿ ಓಡಬಾರದು. ನಿಜವಾಗಿ ಒತ್ತಡ ಬಂದರೆ ಮಾತ್ರ ಹಿಂದೆ ಹೆಜ್ಜೆ ಇಡಬೇಕು. ಬರದಿದ್ದರೆ ನಿಂತುಬಿಡಿ, ಶಿದಾಚಿಗೆ ತನ್ನ ತಪ್ಪು ತಾನಾಗಿ ಗೊತ್ತಾಗುತ್ತದೆ. ತಿವಿಯುವ ವರಸೆಗಳಲ್ಲಿ ಗಂಟಲು, ಮುಖ ಎರಡೂ ಹತ್ತಿರ. ಪೂರ್ತಿ ವೇಗದ ಆಸೆ ಇಲ್ಲಿ ಬೇಡ.

ಅಭ್ಯಾಸದ ಸಮಯ ಹಂಚಿಕೊಳ್ಳುವುದು

ಮೊದಲ ದಿನವೇ ಮೂರೂ ವರಸೆ ಒಟ್ಟಿಗೆ ಓಡಿಸಬೇಡಿ. ಒಂದನ್ನು ತೆಗೆದುಕೊಳ್ಳಿ. ಮೊದಲು ಬರೀ ಕಾಲು, ಕತ್ತಿ ಇಲ್ಲದೆ. ಆಮೇಲೆ ಕತ್ತಿ, ಕೂಗು ಇಲ್ಲದೆ. ಕೊನೆಗೆ "ಯಾ", "ತೊ" ಸೇರಿಸಿ. ಕೂಗು ಹೊಟ್ಟೆಯಿಂದ ಬರಲಿ. ಅಪಾರ್ಟ್‌ಮೆಂಟ್ ಟೆರೇಸಿನಲ್ಲಿ ಅಕ್ಕಪಕ್ಕದವರು ಏನಂದುಕೊಳ್ತಾರೋ ಅಂತ ನಾಚಿಕೊಂಡು ಪಿಸುಗುಟ್ಟುವವರು ಬಹಳ, ಆಗ ಉಸಿರೂ ಅರ್ಧ, ಹೊಡೆತವೂ ಅರ್ಧ. ಮುಂಚೆಯೇ ಅವರಿಗೆ ಒಂದು ಮಾತು ಹೇಳಿಬಿಡಿ.

ಉಸಿರಿನ ಲೆಕ್ಕ ಹೀಗೆ: ಚೂದಾನ್‌ನಲ್ಲಿ ನಿಂತಾಗ ಒಳಗೆ ಎಳೆದುಕೊಳ್ಳಿ, ಮೂರು ಹೆಜ್ಜೆಯಲ್ಲಿ ಹಿಡಿದಿಟ್ಟುಕೊಳ್ಳಿ, ಹೊಡೆತದಲ್ಲಿ ಕೂಗಿನ ಜೊತೆ ಬಿಡಿ.

ಇಬ್ಬರೂ ಹೊಸಬರಾದರೆ ಪಾತ್ರ ಬದಲಿಸಿಕೊಳ್ಳುತ್ತಾ ಮಾಡಿ. ಆದರೆ ಉಚಿದಾಚಿ ಪಾತ್ರಕ್ಕೆ ಜಾಸ್ತಿ ಹೊತ್ತು ಕೊಡಿ. ನಡುವೆ ಮಾತಾಡಿ ತಿದ್ದಬೇಡಿ. ವರಸೆ ಮುಗಿದು ಮೂಲ ಜಾಗಕ್ಕೆ ಹೋದ ಮೇಲೆ ಒಂದೇ ಒಂದು ವಿಷಯ ಹೇಳಿ, ಮತ್ತೆ ಶುರು ಮಾಡಿ. ಫೋನನ್ನು ಪಕ್ಕದಿಂದ, ಸೊಂಟದ ಎತ್ತರಕ್ಕೆ ಇಟ್ಟು ವಿಡಿಯೊ ತೆಗೆಯಿರಿ. ದೂರ ಸರಿಯಿದೆಯಾ ಎಂಬುದು ಪಕ್ಕದಿಂದಲೇ ಚೆನ್ನಾಗಿ ಕಾಣುವುದು.

ಯಾರಿಗಾದರೂ ಏಟು ಬಿದ್ದರೆ ಅಲ್ಲಿಗೇ ನಿಲ್ಲಿಸಿ. "ಪರವಾಗಿಲ್ಲ ಬಿಡಿ" ಎಂದು ಮುಂದುವರಿಸಬೇಡಿ. ತಲೆಗೆ ಬಿದ್ದಿದ್ದರೆ, ನೋವಿಲ್ಲದಿದ್ದರೂ, ಆ ದಿನದ ಅಭ್ಯಾಸ ಮುಗಿಯಿತು, ವೈದ್ಯರಿಗೆ ತೋರಿಸಿ.

ಇದಕ್ಕಿಂತ ಸುಲಭದ ಮೆಟ್ಟಿಲು ಬೇಕು ಎನ್ನುವವರಿಗೆ ಒಂದು ದಾರಿ ಇದೆ. ಅಖಿಲ ಜಪಾನ್ ಒಕ್ಕೂಟ 2003ರಲ್ಲಿ ಮರದ ಕತ್ತಿಯಿಂದ ಮಾಡುವ ಒಂಬತ್ತು ಮೂಲ ಪಾಠಗಳನ್ನು ತಂದಿತು. ಎರಡೂ ಕಡೆಯವರು ಬರೀ ಚೂದಾನ್‌ನಿಂದಲೇ ಶುರು ಮಾಡುತ್ತಾರೆ. ಮಕ್ಕಳಿಗೆ ಕಲಿಸುವವರು ಅಲ್ಲಿಂದ ಶುರು ಮಾಡುವುದೇ ಮೇಲು.

ಮುಂದಿನ ವರಸೆಗಳು

ನಾಲ್ಕನೆಯದರಲ್ಲಿ ಉಚಿದಾಚಿ ಕತ್ತಿಯನ್ನು ಬಲ ಭುಜದ ಪಕ್ಕ ನಿಲ್ಲಿಸಿಕೊಂಡು ಬರುತ್ತಾರೆ, ಶಿದಾಚಿ ತನ್ನ ಕತ್ತಿಯನ್ನು ಬಲ ಸೊಂಟದ ಹಿಂದೆ ಮರೆಸಿಕೊಂಡಿರುತ್ತಾರೆ. ಉದ್ದ ಎಷ್ಟೆಂದು ಎದುರಿನವರಿಗೆ ಕಾಣದ ಹಾಗೆ. ಐದು ಮತ್ತು ಆರರಲ್ಲಿ ಬರುವ ಕತ್ತಿಯನ್ನು ಉಜ್ಜುತ್ತಾ ಮೇಲೆತ್ತಿ ದಾರಿ ತಪ್ಪಿಸುವುದು: ಐದರಲ್ಲಿ ಕತ್ತಿಯ ಎಡ ಬದಿಯಿಂದ, ಆರರಲ್ಲಿ ಬಲ ಬದಿಯಿಂದ. ಏಳರಲ್ಲಿ ಶಿದಾಚಿ ಉಚಿದಾಚಿಯ ಪಕ್ಕದಿಂದ ಹಾದು ಹೊಟ್ಟೆಯ ಬಲಭಾಗ ಕಡಿದು ಮಂಡಿಯೂರುತ್ತಾರೆ. ಮಂಡಿ ನೋವಿರುವವರು ಇದನ್ನು ಗುರುಗಳ ಹತ್ತಿರ ಕೇಳಿಕೊಂಡೇ ಮಾಡಿ.

ಕೊನೆಯ ಮೂರರಲ್ಲಿ ಗಿಡ್ಡ ಕತ್ತಿಯ ಶಿದಾಚಿ ಉದ್ದ ಕತ್ತಿಯ ಒಳಗೇ ನುಗ್ಗಬೇಕು. ಮೊದಲ ವರಸೆಯಲ್ಲಿ ದೂರ ಅಳೆದದ್ದು ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತದೆ. ಗಿಡ್ಡ ಕತ್ತಿಯವರು ಹಿಂದೆ ಉಳಿದರೆ ಅವರಿಗೆ ಉಳಿಗಾಲವಿಲ್ಲ.

ದಾನ್, ಅಂದರೆ ಕೆಂಡೋ ದರ್ಜೆಯ, ಪರೀಕ್ಷೆಗೆ ಹೋಗುವವರು ಇಷ್ಟು ನೋಡಿಕೊಳ್ಳಿ: ಸಾಮಾನ್ಯವಾಗಿ ಮೊದಲ ದಾನ್‌ಗೆ ಮೊದಲ ಮೂರು, ಎರಡಕ್ಕೆ ಐದು, ಮೂರಕ್ಕೆ ಏಳು, ಅದರ ಮೇಲೆ ಹತ್ತೂ ಕೇಳುತ್ತಾರೆ. ದೇಶದಿಂದ ದೇಶಕ್ಕೆ ನಿಯಮ ಬದಲಾಗುತ್ತದೆ, ಅರ್ಜಿ ಹಾಕುವಾಗಲೇ ನಿಮ್ಮ ಒಕ್ಕೂಟವನ್ನು ಕೇಳಿ. ಪರೀಕ್ಷೆಯಲ್ಲಿ ಜೊತೆಗಾರರು ಯಾರೋ ಅಪರಿಚಿತರೇ ಸಿಗಬಹುದು, ಯಾವ ಪಾತ್ರ ಬರುತ್ತದೋ ಅದೂ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಒಬ್ಬರ ಜೊತೆಗೇ ಅಂಟಿಕೊಳ್ಳದೆ, ಎತ್ತರದವರು, ಗಿಡ್ಡನೆಯವರು, ಆತುರದವರು, ನಿಧಾನಿಗಳು ಎಲ್ಲರ ಜೊತೆಗೂ ಎರಡೂ ಪಾತ್ರ ಮಾಡಿಟ್ಟುಕೊಂಡಿರಿ.